ಇರುವೆಯ ಬಾಡಿಗೆ: ಪಾಠ ಹೇಳದ ಲೆಕ್ಕ

ಇರುವೆ–ಸಸ್ಯ ಸಹಜೀವನವೆಂದರೆ ಮೆಕ್ಸಿಕೋದ ಜಾಲಿಯೇ ಮಾಮೂಲಿ ಉದಾಹರಣೆ: ಮರ ಮನೆ, ಮಕರಂದ ಕೊಡುತ್ತದೆ, ಇರುವೆ ಕಾವಲು ಕಾಯುತ್ತದೆ. ಡೇನಿಯಲ್ ಜಾನ್ಜೆನ್ 1966ರಲ್ಲಿ ಪ್ರಯೋಗದಿಂದ ತೋರಿಸಿದ ಸಂಗತಿಯಿದು. ಆದರೆ ಇದನ್ನೇ ನಿಯಮವೆಂದು ಬೋಧಿಸುವುದು ಸರಿಯಲ್ಲ.

ನಮ್ಮ ಪಶ್ಚಿಮ ಘಟ್ಟದ ಹಾಸಿಗೆ ಮರವನ್ನು ನೋಡಿ. ಕೆಲವು ಮರಗಳಲ್ಲಿ ಗೆಣ್ಣುಗಳ ನಡುವಿನ ಭಾಗ ಉಬ್ಬಿ ಟೊಳ್ಳಾಗಿರುತ್ತದೆ. ಅಲ್ಲಿರುವ ಹೆಚ್ಚಿನ ಇರುವೆ ಜಾತಿಗಳು ಕಾವಲು ಕಾಯುವುದಿಲ್ಲ; ಎರೆಹುಳುವೂ ಅಲ್ಲಿ ವಾಸಿಸುವುದುಂಟು. ಹಾಗಾದರೆ ಮರಕ್ಕೇನು ಲಾಭ? ಈ ನಿವಾಸಿಗಳಿಂದ ಬರುವ ಸಾರಜನಕ ಮರದ ಅಂಗಾಂಶ ಸೇರುತ್ತದೆಂದು ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜೆಸ್ ತಂಡ ಐಸೊಟೋಪ್ ಬಳಸಿ ಪತ್ತೆಹಚ್ಚಿತು. ಬಾಡಿಗೆ ಗೊಬ್ಬರದಲ್ಲಿ ಸಂದಾಯ!

ಲಾಭವನ್ನು ಊಹಿಸಬಾರದು, ಅಳೆಯಬೇಕು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ವಿದ್ಯಾರ್ಥಿಗಳು ಕೆಂಪಿರುವೆಯಿರುವ ಮತ್ತು ಇಲ್ಲದ ಗೇರುಮರಗಳಲ್ಲಿ ಹಾನಿಗೊಂಡ ಚಿಗುರುಗಳನ್ನು ಎಣಿಸಿ ನೋಡಲಿ.