ಮುದ್ರಾಮಂಜೂಷವೂ ಸಹಾಯಬಲದ ಬೆಲೆಯೂ

ಕೆಂಪುನಾರಾಯಣನು 1823ರಲ್ಲಿ ರಚಿಸಿದ ‘ಮುದ್ರಾಮಂಜೂಷ’ವನ್ನು ವಿಮರ್ಶಕರು ಬಹುಮಟ್ಟಿಗೆ ಗದ್ಯಶೈಲಿಯ ನಿದರ್ಶನವೆಂದೇ ಎತ್ತಿಕೊಂಡಿರುವರು. ಭಾಷೆಯ ಮಾತು ಹಾಗಿರಲಿ. ಕಥೆಯ ರಾಜಕಾರಣಕ್ಕೆ ಸಲ್ಲಬೇಕಾದ ಗಮನವು ಸಂದಿಲ್ಲ.

ಅದಕ್ಕೆ ಆಧಾರವಾದ ವಿಶಾಖದತ್ತನ ನಾಟಕದಲ್ಲಿ ಪರಬಲವನ್ನು ಆಶ್ರಯಿಸದ ಪಕ್ಷವೇ ಇಲ್ಲ. ಅರ್ಧರಾಜ್ಯದ ಆಸೆಯಿಂದ ಚಾಣಕ್ಯನ ಕಡೆಗೆ ಬಂದ ಪರ್ವತಕನು ವಿಷಕನ್ಯೆಗೆ ಬಲಿಯಾದನು. ರಾಕ್ಷಸನಾದರೋ ಅವನ ಮಗ ಮಲಯಕೇತುವನ್ನೂ ಐವರು ಅರಸರನ್ನೂ ನೆಚ್ಚಿದನು. ಈ ಐವರಲ್ಲಿ ಮೂವರು ಮಲಯಕೇತುವಿನ ನೆಲವನ್ನೂ ಇಬ್ಬರು ಅವನ ಆನೆ ಭಂಡಾರಗಳನ್ನೂ ಬಯಸುವರೆಂದು ಐದನೆಯ ಅಂಕದ ಕಪಟಲೇಖವು ತೋರಿಸುತ್ತದೆ. ಮಲಯಕೇತುವು ಅದನ್ನು ನಂಬಿ ಮೂವರನ್ನು ಹೂಳಿಸಿ, ಇಬ್ಬರನ್ನು ಆನೆಗಳಿಂದ ತುಳಿಸುವನು. ಇಲ್ಲಿ ಮುದ್ರೆಯ ಚಮತ್ಕಾರವನ್ನು ಹೊಗಳುವುದೇ ವಾಡಿಕೆ. ಆದರೆ ಸುಳ್ಳು ಲೇಖವು ನಂಬುಗೆಗೆ ಪಾತ್ರವಾದುದೇಕೆ? ತಂದೆಯು ಅರ್ಧರಾಜ್ಯಕ್ಕಾಗಿಯೇ ಸೈನ್ಯ ತಂದವನೆಂಬುದನ್ನು ಮಗನು ಬಲ್ಲನಷ್ಟೆ. ಮಿತ್ರರ ಮನಸ್ಸನ್ನೂ ಅದೇ ತಕ್ಕಡಿಯಲ್ಲಿ ತೂಗಿದನು.

ಈ ಕಥೆಯು ಕನ್ನಡಕ್ಕೆ ಬಂದ ಕಾಲದ ಮೈಸೂರೂ ಇಂಥದೇ ಆಶ್ರಯದಲ್ಲಿದ್ದಿತು. 1799ರ ಒಡಂಬಡಿಕೆಯಂತೆ ಕುಂಪಣಿಯ ಸೈನ್ಯಕ್ಕಾಗಿ ವರ್ಷಕ್ಕೆ 7 ಲಕ್ಷ ವರಹಗಳನ್ನು ತೆರಬೇಕು. 1807ರಲ್ಲಿ ಇದಕ್ಕೆ 4,000 ಕುದುರೆ ಸವಾರರ ಪೋಷಣೆಯೂ ಸೇರಿತು. ಕುಂಪಣಿಯು 1817-18ರಲ್ಲಿ ನೆರೆಯ ಮರಾಠರ ಮೇಲೆ ನಡೆಸಿದ ಯುದ್ಧದಲ್ಲಿ ಮೈಸೂರಿನ ಸಿಲ್ಲೇದಾರರು ಕಾದಿದರು. ಗ್ರಂಥಕಾರನು ಇದನ್ನೇ ಧ್ವನಿಸಿದನೆಂದರೆ ಅತಿವ್ಯಾಖ್ಯಾನವಾದೀತು. ಆದರೂ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಪರ್ವತಕನ ವೃತ್ತಾಂತವು ಬರಿಯ ಹಳೆಯ ಕಥೆಯಾಗಿ ಕೇಳಿಸಿರಲಾರದು. ಗ್ರಂಥವು ಹುಟ್ಟಿದ 8 ವರ್ಷಗಳಿಗೆ, 1831ರಲ್ಲಿ, ಕುಂಪಣಿಯು ರಾಜ್ಯದ ಆಡಳಿತವನ್ನೇ ಒಡೆಯರಿಂದ ತನ್ನ ಕೈಗೆ ತೆಗೆದುಕೊಂಡಿತು.