ಚಹದ ಕರಡಿಗೆಯೂ ಸಂಗ್ರಾಹಕರ ಅಭಿರುಚಿಯೂ

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಸಿರಿವಂತರ ಮನೆಗಳಲ್ಲಿ ಚಹದ ಎಲೆಯನ್ನು ಬೀಗವಿಕ್ಕಿ ಕಾಯುತ್ತಿದ್ದ ಮರದ ಕರಡಿಗೆಗಳಿಗೆ ಈಗ ಸಂಗ್ರಾಹಕರಲ್ಲಿ ಬಹಳ ಮನ್ನಣೆಯುಂಟು. ಆಂಗ್ಲರು ಇದನ್ನು ‘ಕ್ಯಾಡಿ’ ಎನ್ನುವರು. ಸುಮಾರು 600 ಗ್ರಾಮಿನ ‘ಕಾಟಿ’ ಎಂಬ ಮಲಯ ತೂಕದ ಹೆಸರೇ ಹೀಗೆ ಮಾರ್ಪಟ್ಟಿತು. ಸೇರು ಪಾವುಗಳನ್ನು ಅಳತೆಯೆಂದೂ ಪಾತ್ರೆಯೆಂದೂ ಬಳಸುವ ನಮಗೆ ಇದು ವಿಚಿತ್ರವೆನಿಸದು.

ಸಂಗ್ರಾಹಕರು ಎಲ್ಲಕ್ಕಿಂತ ಹೆಚ್ಚಾಗಿ ಬಯಸುವುದು ಸೇಬು, ಮರಸೇಬುಗಳ ಆಕಾರದಲ್ಲಿ ಕಡೆದ ಕರಡಿಗೆಗಳನ್ನು. ಈ ಆಯ್ಕೆಯಲ್ಲಿಯೇ ನನಗೆ ಆಕ್ಷೇಪವಿದೆ. ಅವು ಮುದ್ದಾಗಿವೆ, ನಿಜ. ಆದರೆ ಹಣ್ಣಿನ ಹೊಟ್ಟೆಯಲ್ಲಿ ಬೀಗದ ಕಣ್ಣೆಂದರೆ ಚಮತ್ಕಾರವೇ ಹೊರತು ಔಚಿತ್ಯವಲ್ಲ. ಇಂಥವುಗಳಲ್ಲಿ ನಕಲಿಗಳೂ ವಿಪುಲ. ಮರವು ಒಣಗುತ್ತ ಎಳೆಗೆ ಅಡ್ಡಲಾಗಿ ಹೆಚ್ಚು ಕುಗ್ಗುವುದರಿಂದ ನಿಜವಾದ ಹಳೆಯ ಹಣ್ಣು ಪೂರ್ಣ ವರ್ತುಲವಾಗಿ ಉಳಿಯುವುದು ವಿರಳ. ಅಚ್ಚುಕಟ್ಟಾದ ದುಂಡು ಕಂಡೊಡನೆ ಹಿಗ್ಗುವವನು ಹಣ ಕಳೆದುಕೊಳ್ಳುತ್ತಾನೆ.

ಇದಕ್ಕೆದುರಾಗಿ ಸಾದಾ ಮಹಾಗನಿಯ ಪೆಟ್ಟಿಗೆಯನ್ನು ನೋಡಬೇಕು. ಚಿಪ್ಪೆಂಡೇಲನು 1754ರ ತನ್ನ ಗ್ರಂಥದಲ್ಲಿಯೇ ಚಹದ ಪೆಟ್ಟಿಗೆಗಳಿಗೆ ಮಾದರಿಗಳನ್ನು ಕೊಟ್ಟನು. ಹಸುರು ಚಹಕ್ಕೊಂದು, ಕಪ್ಪು ಚಹಕ್ಕೊಂದು ಎಂದು ಎರಡು ಮನೆಗಳು. ಪರಿಮಳ ಕೆಡದಂತೆ ಒಳಗೆ ಲೋಹದ ತೆಳುಹಾಳೆ. ದೊಡ್ಡದಾದರೆ ನಡುವೆ ಒಂದು ಗಾಜಿನ ಬಟ್ಟಲು. ಇದು ಎರಡು ಚಹಗಳನ್ನು ಬೆರೆಸಲೆಂದು ವ್ಯಾಪಾರಿಗಳು ಹೇಳುವರು. ಸಕ್ಕರೆಗೆಂಬ ಮತವೇ ನನಗೆ ಸಮಂಜಸವಾಗಿ ತೋರುತ್ತದೆ. ಇಲ್ಲಿ ಪ್ರತಿಯೊಂದು ಅಂಗಕ್ಕೂ ಕಾರಣವಿದೆ. ಹೊರಮೈಗೆ ಕನ್ನಡಿಯಂಥ ಮೆರುಗು ಕೊಟ್ಟು ಒಳಗಣ ಕಂದಿದ ಹಾಳೆಯನ್ನು ಕಿತ್ತೆಸೆವ ‘ಜೀರ್ಣೋದ್ಧಾರ’ಕ್ಕೆ ಏನೆನ್ನೋಣ! ವಸ್ತುವಿನ ಸಾಕ್ಷ್ಯವೇ ಅದರೊಡನೆ ಹೋಯಿತು.

ಬೀಗದ ಕೀಲಿಕೈ ಮನೆಯೊಡತಿಯ ಬಳಿ ಇರುತ್ತಿತ್ತು, ಸೇವಕರ ಬಳಿಯಲ್ಲ. ಇದಕ್ಕೆ ಚಹದ ಬೆಲೆಯೇ ಕಾರಣವೆಂಬುದು ಅರ್ಧಸತ್ಯ. 1784ರ ಶಾಸನವು ಚಹದ ಸುಂಕವನ್ನು ಶೇಕಡ 119ರಿಂದ 12.5ಕ್ಕೆ ಇಳಿಸಿದ ಮೇಲೂ ದಶಕಗಳ ಕಾಲ ಬೀಗವುಳ್ಳ ಕರಡಿಗೆಗಳು ತಯಾರಾಗುತ್ತಲೇ ಇದ್ದವು. ಕಳ್ಳತನದ ಭಯ ತಗ್ಗಿದರೂ ಒಡೆತನದ ಠೀವಿ ತಗ್ಗಲಿಲ್ಲ. ಅತಿಥಿಗಳೆದುರು ಬೀಗ ತೆರೆಯುವುದೇ ಒಂದು ಉಪಚಾರವಾಗಿತ್ತು. ಸೇವಕನ ಮೇಲಿನ ಅವಿಶ್ವಾಸವು ಅದೇ ಕೋಣೆಯಲ್ಲಿ, ಅವನ ಕಣ್ಣೆದುರಿಗೇ ಅಲಂಕಾರವಾಗಿ ಕುಳಿತಿತ್ತು. ಸಂಗ್ರಾಹಕರ ವರ್ಣನೆಗಳಲ್ಲಿ ಬೀಗದ ಹಿತ್ತಾಳೆಯ ವಿಚಾರ ಬರುತ್ತದೆ; ಈ ಮಾತು ಅಪರೂಪ.

ವಿಶಾಖಪಟ್ಟಣದ ಕುಶಲಕರ್ಮಿಗಳೂ ಆಂಗ್ಲರಿಗಾಗಿ ದಂತ ಹೊದಿಸಿದ ಇಂಥ ಕರಡಿಗೆಗಳನ್ನು ಮಾಡಿದರು. ದಂತದಲ್ಲಿ ಕೊರೆದು ಕಪ್ಪು ತುಂಬಿದ ಅವರ ಬಳ್ಳಿಗಳ ಸೊಬಗನ್ನು ಮೆಚ್ಚಿ ಬರೆಯುವವರು ಅನೇಕರಿದ್ದಾರೆ. ಕೆತ್ತಿದವರ ಹೆಸರುಗಳು ಮಾತ್ರ ಆ ಬರಹಗಳಲ್ಲಿ ಸಾಮಾನ್ಯವಾಗಿ ದೊರೆಯುವುದಿಲ್ಲ.