ಜನಮತಗಣನೆಯ ನಂತರದ ಇಂಗ್ಲಿಷ್ ಕಾದಂಬರಿ: ಪಕ್ಷ, ಹಣ, ಗಡಿ

ಬ್ರಿಟನ್ನಿನ ಮತದಾರರು ಐರೋಪ್ಯ ಒಕ್ಕೂಟವನ್ನು ತೊರೆಯಲು ತೀರ್ಮಾನಿಸಿದ್ದು 2016ರ ಜೂನ್ 23ರಂದು. ಅಲಿ ಸ್ಮಿತ್ ಅವರ ‘ಆಟಮ್’ ಕಾದಂಬರಿ ಅದೇ ವರ್ಷದ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಮರುವರ್ಷ ಆಂಟನಿ ಕಾರ್ಟ್‌ರೈಟ್ ಅವರ ‘ದಿ ಕಟ್’, 2018ರಲ್ಲಿ ಜೊನಾಥನ್ ಕೋ ಅವರ ‘ಮಿಡಲ್ ಇಂಗ್ಲೆಂಡ್’, 2019ರಲ್ಲಿ ಇಯಾನ್ ಮೆಕ್‌ಇವಾನ್ ಅವರ ಕಿರುಕಾದಂಬರಿ ‘ದಿ ಕಾಕ್ರೋಚ್’ ಬಂದವು. ವಿಮರ್ಶಕರು ಇವಕ್ಕೆಲ್ಲ ‘ಬ್ರೆಕ್ಸಿಟ್ ಸಾಹಿತ್ಯ’ ಎಂಬ ಒಂದೇ ಹಣೆಪಟ್ಟಿ ಹಚ್ಚಿದರು. ಬಿಸಿ ಆರುವ ಮೊದಲೇ ಬರೆದ ಕೃತಿಗಳ ಮೇಲೆ ಆತುರದ ಆಪಾದನೆ ಹೊರಿಸುವುದು ಸುಲಭ; ಅದು ಈ ಬರಹದ ಉದ್ದೇಶವಲ್ಲ. ಜನಮತಗಣನೆಯು ಏಕಕಾಲಕ್ಕೆ ಮನೆಗಳನ್ನು ಒಡೆಯಿತು, ಪಕ್ಷಗಳನ್ನು ಒಡೆಯಿತು, ನಾಳಿನ ಹಣದ ಮೇಲಿನ ನಂಬಿಕೆಯನ್ನು ಸಡಿಲಿಸಿತು. ಇವುಗಳಲ್ಲಿ ಮನೆಯ ಒಡಕನ್ನು ಇಂಗ್ಲಿಷ್ ಕಾದಂಬರಿ ಬಲು ಚೆನ್ನಾಗಿ ಬಲ್ಲದು. ಆ ಪ್ರಕಾರ ಹುಟ್ಟಿ ಬೆಳೆದದ್ದೇ ಅಂಥ ಒಡಕುಗಳ ಮೇಲೆ. ಉಳಿದೆರಡನ್ನು ಅದು ಹೇಗೆ ಎದುರಿಸಿತು ಎಂಬುದು ಇಲ್ಲಿನ ಪ್ರಶ್ನೆ.

ಆ ಬೇಸಗೆಯ ವಿದ್ಯಮಾನಗಳನ್ನು ಮೊದಲು ನೆನಪಿಸಿಕೊಳ್ಳಬೇಕು. ತೊರೆಯುವವರ ಪರ 51.9%, ಉಳಿಯುವವರ ಪರ 48.1% ಮತ ಬಿದ್ದಿತ್ತು. ಫಲಿತಾಂಶ ಬಂದ ಬೆಳಿಗ್ಗೆಯೇ ಪ್ರಧಾನಿ ಡೇವಿಡ್ ಕ್ಯಾಮೆರಾನ್ ಪದತ್ಯಾಗ ಘೋಷಿಸಿದರು. ಅವರ ಉತ್ತರಾಧಿಕಾರಿಯೆಂದೇ ಎಲ್ಲರೂ ಬಗೆದಿದ್ದ ಬೋರಿಸ್ ಜಾನ್ಸನ್, ಪ್ರಚಾರದುದ್ದಕ್ಕೂ ಜೊತೆಗಿದ್ದ ಮೈಕೆಲ್ ಗೋವ್ ತಾವೇ ಸ್ಪರ್ಧಿಸುವುದಾಗಿ ಸಾರಿದ ದಿನ, ಜೂನ್ 30ರಂದು, ಕಣದಿಂದ ಹಿಂದೆ ಸರಿದರು. ಗೋವ್ ಕೂಡ ಗೆಲ್ಲಲಿಲ್ಲ. ಉಳಿಯುವ ಪಕ್ಷದಲ್ಲಿ ಮೆಲುದನಿಯಲ್ಲಿ ನಿಂತಿದ್ದ ಥೆರೆಸಾ ಮೇ ಜುಲೈ 13ಕ್ಕೆ ಪ್ರಧಾನಿಯಾದರು. ಆಳುವ ಪಕ್ಷ ಹೀಗೆ ಕಚ್ಚಾಡುವಾಗ ವಿರೋಧ ಪಕ್ಷಕ್ಕೆ ಸುಗ್ಗಿಯಾಗಬೇಕಿತ್ತು. ಲೇಬರ್ ಪಕ್ಷದಲ್ಲಿ ಅದಕ್ಕೂ ಮಿಗಿಲಾದ ಭಿನ್ನಮತ ಭುಗಿಲೆದ್ದಿತು. ಜೆರೆಮಿ ಕಾರ್ಬಿನ್ ಅವರ ಛಾಯಾ ಸಂಪುಟದ ಸದಸ್ಯರು ಸಾಲುಸಾಲಾಗಿ ರಾಜೀನಾಮೆ ಕೊಟ್ಟರು. ಜೂನ್ 28ರಂದು ಅವರದೇ ಸಂಸದರು 172–40 ಮತಗಳಿಂದ ಅವಿಶ್ವಾಸ ಸೂಚಿಸಿದರು. ಆದರೂ ಸೆಪ್ಟೆಂಬರಿನಲ್ಲಿ ಪಕ್ಷದ ಸದಸ್ಯರು ಅವರನ್ನೇ ಮರಳಿ ಆರಿಸಿದರು. ತೊರೆಯುವ ಚಳವಳಿಯ ಮೂಲ ವಕ್ತಾರ ನೈಜೆಲ್ ಫರಾಜ್ ಕೆಲಸ ಮುಗಿಯಿತೆಂದು ತಮ್ಮ ಪಕ್ಷದ ನಾಯಕತ್ವ ಬಿಟ್ಟರು. ಅವರ ನಂತರ ಬಂದವರು ಆ ಸ್ಥಾನದಲ್ಲಿ ಉಳಿದದ್ದು 18 ದಿನ.

ಹಣದ ಕಥೆ ಇಷ್ಟು ನಾಟಕೀಯವಲ್ಲ. ಪೌಂಡಿನ ಬೆಲೆ ಡಾಲರಿನೆದುರು ಒಂದೇ ರಾತ್ರಿಯಲ್ಲಿ 1985ರ ನಂತರದ ಕನಿಷ್ಠ ಮಟ್ಟಕ್ಕೆ ಕುಸಿಯಿತು. ಕೆಲವು ಆಸ್ತಿ ನಿಧಿಗಳು ಹೂಡಿಕೆದಾರರಿಗೆ ಹಣ ಹಿಂದಿರುಗಿಸುವುದನ್ನು ತಡೆಹಿಡಿದವು. ಆಗಸ್ಟ್ 4ರಂದು ಬ್ಯಾಂಕ್ ಆಫ್ ಇಂಗ್ಲೆಂಡ್ ಬಡ್ಡಿದರವನ್ನು 0.25%ಕ್ಕೆ ಇಳಿಸಿತು. ಆದರೆ ಪ್ರಚಾರದ ಕಾಲದಲ್ಲಿ ಖಜಾನೆ ಇಲಾಖೆ ಹೆದರಿಸಿದ್ದ ತಕ್ಷಣದ ಹಿಂಜರಿತ ಬರಲಿಲ್ಲ. ಬಂದದ್ದು ಅನಿಶ್ಚಿತತೆ: ಹೂಡಬೇಕೋ ಬೇಡವೋ, ಕಾರ್ಖಾನೆ ಇಲ್ಲೇ ಇರುತ್ತದೋ ಹೋಗುತ್ತದೋ, ಪೋಲೆಂಡಿನಿಂದ ಬಂದ ನರ್ಸು ಮುಂದಿನ ವರ್ಷವೂ ಇರುತ್ತಾಳೋ ಇಲ್ಲವೋ. ಕಾದಂಬರಿಕಾರನ ಕಷ್ಟ ಇಲ್ಲಿದೆ. ದಿವಾಳಿಗೆ ಒಂದು ದೃಶ್ಯವಿದೆ. ಜಪ್ತಿಗೆ, ಬೀಗಮುದ್ರೆಗೆ ದೃಶ್ಯವಿದೆ. ಅನಿಶ್ಚಿತತೆಗೆ ದೃಶ್ಯವಿಲ್ಲ.

ಈ ನಾಲ್ಕರಲ್ಲಿ ಅತ್ಯಂತ ವಿಶಾಲವಾದ ಹರಹು ಕೋ ಅವರದು. ‘ದಿ ರಾಟರ್ಸ್ ಕ್ಲಬ್’ (2001), ‘ದಿ ಕ್ಲೋಸ್ಡ್ ಸರ್ಕಲ್’ (2004) ಕೃತಿಗಳ ಪಾತ್ರಗಳೇ ಇಲ್ಲಿ ನಡುವಯಸ್ಸು ದಾಟಿ ಮರಳಿ ಬರುತ್ತವೆ. ಕಥೆ 2010ರ ಏಪ್ರಿಲ್‌ನಲ್ಲಿ, ಬೆಂಜಮಿನ್ ಟ್ರಾಟರ್ ತನ್ನ ತಾಯಿಯ ಅಂತ್ಯಸಂಸ್ಕಾರ ಮುಗಿಸಿ ಬರುವಲ್ಲಿ ಆರಂಭವಾಗಿ, 2011ರ ದೊಂಬಿ, 2012ರ ಒಲಿಂಪಿಕ್ ಉದ್ಘಾಟನೆ, ಜನಮತಗಣನೆ, ಅದರ ನಂತರದ ಮುನಿಸುಗಳವರೆಗೆ ಸಾಗುತ್ತದೆ. ಬೆಂಜಮಿನ್‌ನ ಅಕ್ಕನ ಮಗಳು ಸೋಫಿ ಕಲಾ ಇತಿಹಾಸದ ಅಧ್ಯಾಪಕಿ. ಅತಿವೇಗವಾಗಿ ಕಾರು ಓಡಿಸಿ ಸಿಕ್ಕಿಬಿದ್ದ ಆಕೆ, ದಂಡದ ಬದಲು ಹಾಜರಾಗಬೇಕಾದ ತರಬೇತಿಯಲ್ಲಿ ಪಾಠ ಹೇಳುವ ಇಯಾನ್‌ನನ್ನು ಮೆಚ್ಚಿ ಮದುವೆಯಾಗುತ್ತಾಳೆ. ಅವಳ ಮತ ಉಳಿಯಲು, ಅವನದು ತೊರೆಯಲು. ಸಂಸಾರ ಬಿರುಕು ಬಿಡುತ್ತದೆ. ಆಪ್ತಸಮಾಲೋಚಕರ ಎದುರು ಇಬ್ಬರೂ ಕೊಡುವ ಕಾರಣಗಳಲ್ಲಿ ರಾಜಕೀಯದ ಮಾತೇ ಬರುವುದಿಲ್ಲ ಎಂಬುದನ್ನು ಕೋ ಗುರುತಿಸುವ ಕ್ರಮ ಸೂಕ್ಷ್ಮವಾಗಿದೆ. ಮತಪತ್ರ ಕೇಳಿದ್ದು ಒಂದು ಪ್ರಶ್ನೆ; ಜನ ಉತ್ತರಿಸಿದ್ದು ಬೇರೆ ಹತ್ತಾರು ಪ್ರಶ್ನೆಗಳಿಗೆ. ಈ ತಿಳಿವಳಿಕೆಯನ್ನು ಅನೇಕ ರಾಜಕೀಯ ವಿಶ್ಲೇಷಣೆಗಳಿಗಿಂತ ಕಾದಂಬರಿ ಚೆನ್ನಾಗಿ ಕಟ್ಟಿಕೊಡುತ್ತದೆ.

ಆದರೆ ಪಕ್ಷ ರಾಜಕಾರಣ ಇಲ್ಲಿ ಹರಟೆಯ ಮಟ್ಟದಲ್ಲೇ ನಿಲ್ಲುತ್ತದೆ. ಎಡಪಂಥೀಯ ಪತ್ರಕರ್ತ ಡಗ್, ಕ್ಯಾಮೆರಾನ್ ಸರ್ಕಾರದ ಎಳೆಯ ವಕ್ತಾರ ನೈಜೆಲ್‌ನನ್ನು ಆಗಾಗ ಭೇಟಿಯಾಗುತ್ತಾನೆ. ತನ್ನ ಮಾತಿನ ಅರ್ಥ ತನಗೇ ತಿಳಿಯದ ಈ ಉತ್ಸಾಹಿಯ ಸಂಭಾಷಣೆಗಳು ಪುಸ್ತಕದ ಅತ್ಯಂತ ನಗೆಯುಕ್ಕಿಸುವ ಪುಟಗಳು. ನಕ್ಕ ಮೇಲೆ ಒಂದು ಕೊರತೆ ಉಳಿಯುತ್ತದೆ. ತನ್ನ ಪಕ್ಷದೊಳಗಿನ ಯುರೋಪ್ ವಿರೋಧಿ ಬಣವನ್ನು ತಣಿಸಲು ಒಬ್ಬ ಪ್ರಧಾನಿ ಇಡೀ ದೇಶವನ್ನು ಪಣಕ್ಕೊಡ್ಡಿದ್ದು ಹೇಗೆ ಎಂಬುದು ಮೂರ್ಖತನದ ಕಥೆ ಮಾತ್ರವಲ್ಲ. ಶಿಸ್ತು, ಹಿತಾಸಕ್ತಿ, ಕ್ಷೇತ್ರದ ಲೆಕ್ಕಾಚಾರಗಳ ಕಥೆ. ಬಣ ರಾಜಕೀಯದ ಒಳಗೆ ಹೋಗದೆ ಹೊರಗೆ ನಿಂತು ನಗುವ ಕ್ರಮದಿಂದ ಅದು ದಕ್ಕುವುದಿಲ್ಲ. ಪಕ್ಷದೊಳಗಿನ ಜಗಳವನ್ನು ಅಧಿಕಾರದ ವ್ಯಾಕರಣವಾಗಿಯೇ ಓದಬಲ್ಲ ಕಥನ ಪರಂಪರೆ ಇಂಗ್ಲಿಷಿನಲ್ಲಿ ಇಲ್ಲದಿಲ್ಲ. ಆಂಟನಿ ಟ್ರಾಲಪ್ ಹತ್ತೊಂಬತ್ತನೆಯ ಶತಮಾನದಲ್ಲಿ ಅದನ್ನೇ ಮಾಡಿದ್ದರು. ಕೋ ಆ ದಾರಿಯನ್ನು ಬಿಟ್ಟುಕೊಟ್ಟದ್ದು ಅಚ್ಚರಿಯೇ ಸರಿ.

ಹಣದ ವಿಷಯದಲ್ಲಿ ‘ಮಿಡಲ್ ಇಂಗ್ಲೆಂಡ್’ ಹೆಚ್ಚು ಶಕ್ತವಾದ ಒಂದು ದೃಶ್ಯವನ್ನು ಕೊಡುತ್ತದೆ. ಬರ್ಮಿಂಗ್‌ಹ್ಯಾಮಿನ ಲಾಂಗ್‌ಬ್ರಿಜ್ ಕಾರು ಕಾರ್ಖಾನೆಯಲ್ಲಿ ದುಡಿದಿದ್ದ ಮುದಿ ತಂದೆ ಕಾಲಿನ್‌ನನ್ನು ಬೆಂಜಮಿನ್ ಅಲ್ಲಿಗೆ ಕರೆದೊಯ್ಯುತ್ತಾನೆ. 2005ರಲ್ಲಿ ಎಂಜಿ ರೋವರ್ ಮುಳುಗಿದ ಮೇಲೆ ಅಲ್ಲಿ ಉಳಿದಿರುವುದು ಬಯಲು ಮತ್ತು ಅಂಗಡಿಗಳು. ಏನನ್ನೂ ತಯಾರಿಸದ ಊರಿನವರು ಅಂಗಡಿಯಲ್ಲಿ ಕೊಳ್ಳುವ ದುಡ್ಡನ್ನು ಎಲ್ಲಿಂದ ತರುತ್ತಾರೆ ಎಂಬ ಮುದುಕನ ಸರಳ ಗೊಂದಲಕ್ಕೆ ಮಗನಲ್ಲಿ ಉತ್ತರವಿಲ್ಲ. ಇಡೀ ಕಾದಂಬರಿ ಆ ಪ್ರಶ್ನೆಯ ಬೆನ್ನು ಹತ್ತಬಹುದಿತ್ತು. ಹತ್ತುವುದಿಲ್ಲ. ಬಡ್ತಿ ತನಗೆ ತಪ್ಪಿ ಏಷ್ಯಾ ಮೂಲದ ಸಹೋದ್ಯೋಗಿ ನಾಹೀದ್‌ಗೆ ಸಿಕ್ಕಿತೆಂಬ ಇಯಾನ್‌ನ ಕಹಿ ಕಥೆಯ ಮುನ್ನೆಲೆಗೆ ಬರುತ್ತದೆ; ಆರ್ಥಿಕ ಪ್ರಶ್ನೆ ಜನಾಂಗದ ಅಸಮಾಧಾನವಾಗಿ ಮಾರ್ಪಟ್ಟು, ಕೊನೆಗೆ ದಾಂಪತ್ಯದ ಪುನರ್ಮಿಲನದಲ್ಲಿ ಶಮನಗೊಳ್ಳುತ್ತದೆ. ಬೆಂಜಮಿನ್ ಮತ್ತು ಲೋಯಿಸ್ ಫ್ರಾನ್ಸಿಗೆ ಹೋಗಿ ನೆಲೆಸುತ್ತಾರೆ. ಹೋಗಬಲ್ಲವರು ಹೋದರು. ಕಾಲಿನ್‌ನಂಥವರ ಪ್ರಶ್ನೆ ಬಯಲಲ್ಲೇ ಉಳಿಯಿತು. ಕೋ ಅವರ ಸಹಾನುಭೂತಿಯಲ್ಲಿ ಕಪಟವಿಲ್ಲ, ಆದರೆ ಅದರ ಆಸ್ತಿ ಎಲ್ಲಿದೆ ಎಂಬುದು ಈ ಮುಕ್ತಾಯದಲ್ಲಿ ಗೊತ್ತಾಗಿಬಿಡುತ್ತದೆ.

ಮೆಕ್‌ಇವಾನ್ ಅವರ ಕೃತಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕಾಫ್ಕಾನ ಕಥೆಯನ್ನು ತಿರುಗಿಸಿ, ಜಿರಳೆಯೊಂದು ಬೆಳಿಗ್ಗೆ ಎದ್ದಾಗ ಬ್ರಿಟನ್ನಿನ ಪ್ರಧಾನಿಯಾಗಿರುವಂತೆ ಅವರು ಕಲ್ಪಿಸುತ್ತಾರೆ. ಹಣದ ಹರಿವನ್ನೇ ಹಿಮ್ಮುಖಗೊಳಿಸುವ ನೀತಿ, ಅಂದರೆ ಕೆಲಸ ಮಾಡಲು ಹಣ ಕೊಡುವುದು, ಅಂಗಡಿಯಲ್ಲಿ ವಸ್ತುವಿನೊಂದಿಗೆ ಹಣ ಪಡೆಯುವುದು, ಆ ಸರ್ಕಾರದ ಹಟ. ಸಂಪುಟದಲ್ಲಿ ಜಿರಳೆಯಲ್ಲದ ಒಬ್ಬನೇ ಮಂತ್ರಿಯನ್ನು ಸುಳ್ಳು ಆರೋಪದಿಂದ ಮುಗಿಸುವ ಭಾಗದಲ್ಲಿ ಪಕ್ಷದೊಳಗಿನ ಕ್ರೌರ್ಯದ ನಿಜವಾದ ವಾಸನೆ ಇದೆ. ಆದರೆ ಈ ವಿಡಂಬನೆಯಲ್ಲಿ ಮತದಾರರೇ ಇಲ್ಲ. ತೊರೆಯಲು ಮತ ಹಾಕಿದ 1.74 ಕೋಟಿ ಜನರನ್ನು ಬಿಟ್ಟು ನಾಯಕರನ್ನಷ್ಟೇ ಹುಳುಗಳಾಗಿಸಿದರೆ ಲೇಖಕನ ಸಿಟ್ಟು ಹೊರಬಂದೀತು, ವಿದ್ಯಮಾನ ಅರ್ಥವಾಗದು. ಎದುರಾಳಿಯನ್ನು ಕೀಟವೆಂದು ಕರೆಯುವ ರೂಢಿ ಸಾಹಿತ್ಯದ ಹೊರಗೆ ಎಲ್ಲಿ ಹೋಗಿ ಮುಟ್ಟಿದೆ ಎಂಬುದನ್ನು ಇಪ್ಪತ್ತನೆಯ ಶತಮಾನ ಬಲ್ಲದು.

‘ಆಟಮ್’ ದೃಶ್ಯವಿಲ್ಲದ ಅನಿಶ್ಚಿತತೆಗೆ ಒಂದು ದೃಶ್ಯವನ್ನು ಹುಡುಕಿಕೊಂಡಿದೆ: ಕಾಯುವಿಕೆ. ಎಲಿಜಬೆತ್ ಪಾಸ್‌ಪೋರ್ಟ್ ಅರ್ಜಿ ಹಿಡಿದು ಅಂಚೆ ಕಚೇರಿಯಲ್ಲಿ ಸರದಿಗಾಗಿ ಕೂರುತ್ತಾಳೆ. ಗುಮಾಸ್ತ ಆಕೆಯ ಭಾವಚಿತ್ರವನ್ನು ಅಳೆದು, ತಲೆಯ ಅಳತೆ ಸರಿಯಿಲ್ಲವೆಂದು ಅರ್ಜಿಯನ್ನು ತಿರಸ್ಕರಿಸುತ್ತಾನೆ. ನಗು ಬರುವ ಸನ್ನಿವೇಶವೇ. ಆದರೆ ಯಾರು ಒಳಗಿನವರು ಯಾರು ಹೊರಗಿನವರು ಎಂದು ಅಳೆಯುವ ಸಾಧನ ಗುಮಾಸ್ತನ ಕೈಗೆ ಬಂದಾಗ ಏನಾಗುತ್ತದೆ ಎಂಬುದನ್ನು ಅದು ಯಾವ ಭಾಷಣವೂ ಇಲ್ಲದೆ ತೋರಿಸುತ್ತದೆ. ಎಲಿಜಬೆತ್ ನಿಗದಿತ ಅವಧಿಯಿಲ್ಲದ ಗುತ್ತಿಗೆಯ ಮೇಲೆ ಪಾಠ ಮಾಡುವ ಕಿರಿಯ ಅಧ್ಯಾಪಕಿ. ವಿದ್ಯಾರ್ಥಿನಿಯಾಗಿದ್ದಾಗ ಬಾಡಿಗೆಗಿದ್ದ ಮನೆಯಲ್ಲೇ ಇನ್ನೂ ಇದ್ದಾಳೆ. ನಮ್ಮ ಕಾಲೇಜುಗಳ ಅತಿಥಿ ಉಪನ್ಯಾಸಕರನ್ನು ಬಲ್ಲ ಓದುಗರಿಗೆ ಈ ಸ್ಥಿತಿಯನ್ನು ವಿವರಿಸಬೇಕಾಗಿಲ್ಲ. ಸ್ಮಿತ್ ಅವರ ದೋಷವೆಂದರೆ, ಮತ ಹಾಕಿದ ಎರಡೂ ಕಡೆಯವರ ಭಾವವನ್ನು ಒಂದೇ ಲಯದ ಪುನರುಕ್ತಿಯಲ್ಲಿ ಹೇಳುವಾಗ ವೇದನೆಗಳೆಲ್ಲ ಸಮತೂಕದವೆಂಬ ಭ್ರಮೆ ಹುಟ್ಟುವುದು. ಗದ್ಯ ಅಷ್ಟು ಸೊಗಸಾಗಿದ್ದಾಗ ಈ ಭ್ರಮೆ ಇನ್ನೂ ಬಲವಾಗುತ್ತದೆ.

ಕಾರ್ಟ್‌ರೈಟ್ ಅವರ ಪುಟ್ಟ ಪುಸ್ತಕವನ್ನು ನಾನು ಈ ನಾಲ್ಕರಲ್ಲಿ ಮೇಲಿಡುತ್ತೇನೆ. ಪೈರೀನ್ ಪ್ರಕಾಶನ ಜನಮತಗಣನೆಯ ಬೆನ್ನಲ್ಲೇ ಕೇಳಿ ಬರೆಸಿದ ಕೃತಿ ಇದು. ಬೇಡಿಕೆಯ ಮೇಲೆ ಬರೆದದ್ದು ಸತ್ವಹೀನವೆಂಬ ನಂಬಿಕೆಗೆ ಇದೊಂದು ಅಪವಾದ. ಸ್ಥಳ ಡಡ್ಲಿ: ಕಲ್ಲಿದ್ದಲು, ಕಬ್ಬಿಣ, ಸರಪಳಿಗಳಿಂದ ಬದುಕಿದ್ದ ‘ಬ್ಲ್ಯಾಕ್ ಕಂಟ್ರಿ’ಯ ಊರು, ಲೇಖಕರ ಹುಟ್ಟೂರು ಕೂಡ. ಅಲ್ಲಿ 67.6% ಜನ ತೊರೆಯಲು ಮತ ಹಾಕಿದರು. ಕೈರೋ ಜ್ಯೂಕ್ಸ್ ಹಿಂದೆ ಮುಷ್ಟಿಕಾಳಗದವನು, ಈಗ ದಿನಗೂಲಿಯವನು. ಮುಚ್ಚಿಹೋದ ಕಾರ್ಖಾನೆಗಳ ನೆಲವನ್ನು ಅಗೆದು ಹೂತ ಲೋಹ ತೆಗೆಯುವುದು ಅವನ ಕೆಲಸ. ಹಿಂದಿನವರ ದುಡಿಮೆಯ ಶೇಷವನ್ನು ಕಿತ್ತು ಮಾರಿ ಇಂದಿನ ಕೂಲಿ ಗಳಿಸುವ ಈ ಬದುಕು ಲಾಂಗ್‌ಬ್ರಿಜ್‌ನ ಮುದುಕನ ಪ್ರಶ್ನೆಗೆ ಸಿಗಬಹುದಾದ ಉತ್ತರಗಳಲ್ಲಿ ಒಂದು. ಲಂಡನ್ನಿನಿಂದ ಸಾಕ್ಷ್ಯಚಿತ್ರ ತೆಗೆಯಲು ಬಂದ ಗ್ರೇಸ್ ಅವನನ್ನು ಮಾತಾಡಿಸುತ್ತಾಳೆ, ಇಬ್ಬರೂ ಹತ್ತಿರವಾಗುತ್ತಾರೆ. ಅಧ್ಯಾಯಗಳು ಮತದಾನದ ‘ಮುಂಚೆ’ ಮತ್ತು ‘ನಂತರ’ ಎಂದು ಹೆಣೆದುಕೊಂಡು ಸಾಗುತ್ತವೆ.

ಇಲ್ಲಿ ಗಡಿಯಿರುವುದು ನುಡಿಯಲ್ಲಿ. ಡಡ್ಲಿಯ ಆಡುಮಾತು ಲಂಡನ್ನಿನವಳ ಕಿವಿಗೆ ಅರ್ಧ ದಕ್ಕುತ್ತದೆ, ಅರ್ಧ ಜಾರುತ್ತದೆ. ಶೀರ್ಷಿಕೆಯ ‘ಕಟ್’ ಶಿಷ್ಟ ಇಂಗ್ಲಿಷಿನವರಿಗೆ ಕತ್ತರಿಕೆ, ಗಾಯ, ಸರ್ಕಾರಿ ವೆಚ್ಚದ ಕಡಿತ. ಅಲ್ಲಿಯವರಿಗೆ ಅದು ಊರ ಕಾಲುವೆ. ಎರಡು ಭಾಷೆಗಳ ನಡುವೆ ಬದುಕುವ ನಮ್ಮಂಥವರಿಗೆ, ಒಂದೇ ಪದ ಎರಡು ಕಡೆ ನಿಂತು ಎರಡು ಜಗತ್ತನ್ನು ತೋರುವ ಈ ಬಗೆ ಪರಿಚಿತ. ತನ್ನ ಮಾತನ್ನು ಯಾರೋ ತಂದು ತನಗೇ ಅರ್ಥ ಹೇಳಿದಾಗ ಆಗುವ ಅವಮಾನವನ್ನು ಕಾರ್ಟ್‌ರೈಟ್ ದನಿ ಎತ್ತರಿಸದೆ ಬರೆಯುತ್ತಾರೆ. ಬೆಂಕಿಯಲ್ಲಿ ಕೊನೆಗೊಳ್ಳುವ ಮುಕ್ತಾಯ ಮಾತ್ರ ಕಥೆಯ ಹೊರೆಗಿಂತ ಭಾರವಾಯಿತೆಂದು ನನ್ನ ಅನಿಸಿಕೆ. ಅಂಥವರ ಬಹುಪಾಲು ಬದುಕು ಜ್ವಾಲೆಯಿಲ್ಲದೆಯೇ ಸವೆಯುತ್ತದೆ.

ಈ ನಾಲ್ಕೂ ಕೃತಿಗಳ ಕೇಂದ್ರಕ್ಕೆ ಬಾರದೆ ಉಳಿದದ್ದು ಐರ್ಲೆಂಡಿನ ನೆಲಗಡಿ. ‘ಆಟಮ್’ನಲ್ಲಿ ವಿದ್ಯುತ್ ಹರಿಯುವ ಒಂದು ಬೇಲಿ ಇದೆ, ನಿಜ, ಅದು ಇಂಗ್ಲೆಂಡಿನ ಕಡಲ ಬದಿಯ ಸಂಕೇತದ ಬೇಲಿ. ಸುಮಾರು 500 ಕಿಲೋಮೀಟರಿನ ನಿಜವಾದ ಗಡಿ ಉತ್ತರ ಐರ್ಲೆಂಡಿನಲ್ಲಿದೆ. 1998ರ ಶಾಂತಿ ಒಪ್ಪಂದದ ನಂತರ ಅದು ಕಣ್ಣಿಗೆ ಬೀಳದಂತಾಗಿತ್ತು. ಉತ್ತರ ಐರ್ಲೆಂಡ್ 55.8% ಮತದಿಂದ ಉಳಿಯಲು ಬಯಸಿತ್ತು. 2017ರ ಚುನಾವಣೆಯಲ್ಲಿ ಬಹುಮತ ಕಳೆದುಕೊಂಡ ಮೇ ಅವರ ಸರ್ಕಾರ ಅಲ್ಲಿನ ಡೆಮಾಕ್ರಟಿಕ್ ಯೂನಿಯನಿಸ್ಟ್ ಪಕ್ಷದ 10 ಸಂಸದರ ಮೇಲೆ ನಿಂತಿತು. ಗಡಿ ಮತ್ತೆ ಗಟ್ಟಿಯಾಗದಂತೆ ತಡೆಯುವ ಷರತ್ತಿನ ಸುತ್ತಲೇ ಅವರ ಒಪ್ಪಂದಕ್ಕೆ ವಿರೋಧ ಮಡುಗಟ್ಟಿ, 2019ರ ಜನವರಿ 15ರಂದು ಅದು 432–202 ಮತಗಳಿಂದ ಸೋತಿತು. ಪಕ್ಷಗಳ ಒಳಜಗಳವೂ ವ್ಯಾಪಾರದ ಅನಿಶ್ಚಿತತೆಯೂ ಬಂದು ಕೂಡುವ ಬಿಂದು ಆ ಗಡಿಯೇ ಆಗಿತ್ತು. ಇಂಗ್ಲೆಂಡಿನ ಮಧ್ಯಭಾಗದಲ್ಲಿ ನಿಂತ ಕಾದಂಬರಿಗೆ ಅದು ಕಾಣಲಿಲ್ಲ.

ಕಾಸರಗೋಡಿನಲ್ಲೋ ಅಕ್ಕಲಕೋಟೆಯಲ್ಲೋ ಕುಳಿತು ಓದುವವರಿಗೆ ಈ ಕುರುಡು ಬೇಗ ಕಾಣುತ್ತದೆ. 1956ರ ಗೆರೆ ಎಳೆಯುವಾಗ ಯಾರೂ ಇಲ್ಲಿಯವರ ಮತ ಕೇಳಲಿಲ್ಲ. ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಹೇಳಿದ್ದು ಕಡತದಲ್ಲೇ ಇದೆ. ಮತ ಕೇಳಿದ್ದು ಗೋವೆಯಲ್ಲಿ, 1967ರ ಜನವರಿ 16ರಂದು: ಮಹಾರಾಷ್ಟ್ರದೊಂದಿಗೆ ವಿಲೀನಕ್ಕೆ ಹೂವಿನ ಚಿಹ್ನೆ, ಕೇಂದ್ರಾಡಳಿತದಲ್ಲಿ ಉಳಿಯಲು ಎರಡು ಎಲೆ. ಎಲೆಗಳು ಸುಮಾರು 34,000 ಮತಗಳಿಂದ ಗೆದ್ದವು. ಅಲ್ಲಿ ಮನೆಮಾತು ಕನ್ನಡವಾಗಿದ್ದವರಿಗೂ ಇದ್ದದ್ದು ಅವೆರಡೇ ಚಿಹ್ನೆ. ಬ್ರಿಟನ್ನಿನಲ್ಲೂ ‘ಹೌದು–ಅಲ್ಲ’ ಎಂದಿದ್ದ ಕರಡು ಪ್ರಶ್ನೆಯನ್ನು ಚುನಾವಣಾ ಆಯೋಗ 2015ರಲ್ಲಿ ‘ಉಳಿ–ತೊರೆ’ ಎಂದು ಬದಲಿಸಲು ಸಲಹೆ ಮಾಡಿತು. ವೇಲ್ಸ್‌ನಲ್ಲಿ ಅದೇ ಪ್ರಶ್ನೆ ವೆಲ್ಷ್ ಭಾಷೆಯಲ್ಲೂ ಅಚ್ಚಾಗಿತ್ತು. ಒಟ್ಟು ವೇಲ್ಸ್ ತೊರೆಯಲು ಮತ ಹಾಕಿದರೂ, ವೆಲ್ಷ್ ನುಡಿ ಗಟ್ಟಿಯಾಗಿರುವ ಗ್ವಿನೆಡ್ ಮತ್ತು ಕೆರೆಡಿಗಿಯನ್ ಪ್ರದೇಶಗಳು ಉಳಿಯಲು ಮತ ಹಾಕಿದವು. ‘ಮಿಡಲ್ ಇಂಗ್ಲೆಂಡ್’ನ ಬೆಂಜಮಿನ್ ವಾಸಿಸುವ ನೀರಗಿರಣಿಯ ಬದಿಯಲ್ಲಿ ಹರಿಯುವ ಸೆವರ್ನ್ ನದಿ ವೇಲ್ಸ್‌ನಲ್ಲಿ ಹುಟ್ಟಿ ಬರುವಂಥದು, ಕಾದಂಬರಿಯ ಕಣ್ಣು ಆ ಮೇಲ್ದಂಡೆಯತ್ತ ಹೊರಳುವುದಿಲ್ಲ.

ಈ ಕೊರತೆಗೆ ಎದುರಾಗಿ ಓದಬೇಕಾದ ಪುಸ್ತಕ ಕಾದಂಬರಿಯಲ್ಲ. ಗ್ಯಾರೆಟ್ ಕಾರ್ ಅವರ ‘ದಿ ರೂಲ್ ಆಫ್ ದ ಲ್ಯಾಂಡ್’ (2017) ಐರ್ಲೆಂಡಿನ ಗಡಿಯುದ್ದಕ್ಕೂ ಕಾಲ್ನಡಿಗೆಯಲ್ಲಿ, ಅಲ್ಲಲ್ಲಿ ಸಣ್ಣ ದೋಣಿಯಲ್ಲಿ ಸಾಗಿದವರ ಕಥನ. ಲೇಖಕರು ನಕಾಶೆ ಬರೆಯುವವರೂ ಹೌದು. ಅಧಿಕೃತ ರಸ್ತೆಗಳ ಆಚೆ, ಯಾವ ನಕಾಶೆಯಲ್ಲೂ ಇಲ್ಲದ ದಾಟುಗಳನ್ನು ಅವರು ಗುರುತಿಸಿ ಬರೆದಿಟ್ಟರು: ರೈತರು ತೊರೆಗೆ ಅಡ್ಡ ಹಾಕಿಕೊಂಡ ಹಲಗೆ, ಬೇಲಿಯ ಮೇಲಿನ ಮೆಟ್ಟಿಲು, ಎರಡು ಹೊಲಗಳ ನಡುವೆ ತೆರೆದೇ ಇರುವ ಒಂದು ಗೇಟು.